ಉಜ್ಜಿದವನ ಹೇಳಿಕೆ

ನನ್ನ ಕಸುಬು ಗುಂಡಿ ಹೊಡೆಯೋದು.
ಜೀನ್ಸಿನ ಗುಂಡಿ, ಹಿತ್ತಾಳೆಯದು.
ಬಳ್ಳಾರಿ ಕೌಲ್ ಬಜಾರಿನ ಹಿಂದೆ ತಗಡಿನ ಶೆಡ್ಡು,
ಒಂದು ಪ್ರೆಸ್ಸು, ಮೂರು ಅಚ್ಚು,
ಏಪ್ರಿಲ್ಲಿನಲ್ಲಿ ಮುಟ್ಟಿದ ಕಬ್ಬಿಣವೆಲ್ಲ ಕೆಂಡ.
ದಿನಕ್ಕೆ ಆರು ಸಾವಿರ ಸಲ ಠಪ್.
ಗುಂಡಿಯ ಮೇಲೆ ಏನೋ ಇಂಗ್ಲಿಷ್ ಹೆಸರು.
ಯಾರದಂತ ಕೇಳಿಲ್ಲ.
ಅಕ್ಷರ ನೆಟ್ಟಗೆ ಏಳಬೇಕು, ಅಷ್ಟೆ.

ನಮಶಿವಾಯಂ ಮೊದಲಿಯಾರರು ಬಂದದ್ದು ಸುಡುಮಧ್ಯಾಹ್ನ.
ಕಪ್ಪು ಛತ್ರಿ, ಎದೆಜೇಬಿನಲ್ಲಿ ಭೂತಗನ್ನಡಿ,
ಖಜಾನೆಯಲ್ಲಿ ಮೂವತ್ತೊಂದು ವರ್ಷ
ಪರರ ದುಡ್ಡು ಎಣಿಸಿದ ಬೆರಳು.
“ಗಾದಿಲಿಂಗ, ನಿನಗೆ ಅಚ್ಚು ಗೊತ್ತು. ನೋಡು.”
ರೇಷ್ಮೆ ಚಿಂದಿಯೊಳಗೆ ಅಮೆರಿಕದ ಅರ್ಧ ಡಾಲರು,
ಸಾವಿರದ ಎಂಟುನೂರ ನಲವತ್ತಾರು.

ಬಂಡೆ ಮೇಲೆ ಕೂತ ಹೆಂಗಸು,
ಕೈಯಲ್ಲಿ ಕೋಲು, ಕೋಲಿನ ತುದಿಗೆ ಟೋಪಿ,
ಸುತ್ತ ಹದಿಮೂರು ಚುಕ್ಕಿ.
ಕುರಿ ಕಾಯೋಳ ಹಂಗೆ ಕೂತಾಳಲ್ರಿ, ಅಂದೆ.
ನಕ್ಕರು.
“ಇದು ಪ್ರೂಫು. ಸಂತೆಗೆ ಹೊಡೆದದ್ದಲ್ಲ.
ಅಚ್ಚಿಗೂ ಮೆರುಗು, ಬಿಲ್ಲೆಗೂ ಮೆರುಗು,
ಆಮೇಲೆ ನಿಧಾನಕ್ಕೆ ಎರಡು ಏಟು.”

ಎರಡು ಏಟು!
ಒಂದು ಗುಂಡಿಗೆ ನಾನು ಎರಡು ಹೊಡೆದರೆ
ಸಂಜೆಯೊಳಗೆ ಸೇಠು ಲೆಕ್ಕ ಚುಕ್ತಾ ಮಾಡುತ್ತಾನೆ.

ಒಂದು ಪೊಟ್ಟಣ ಉಪ್ಪು ತರಲಿಲ್ಲ ಈ ನಾಣ್ಯ,
ಒಂದು ಪ್ಲೇಟು ಮಂಡಕ್ಕಿ ಮಿರ್ಚಿ ಕೊಡಿಸಲಿಲ್ಲ,
ಯಾವ ಸೊಂಟದ ಬೆವರೂ ಹತ್ತಿಲ್ಲ ಇದಕ್ಕೆ.
ಬಗ್ಗಿ ನೋಡಿದೆ:
ಬರಿ ಜಾಗದಲ್ಲಿ ನನ್ನ ಹುಬ್ಬಿನ ಹನಿ,
ಹಿಂದೆ ತಗಡಿನ ತೂತು,
ತೂತಿನಲ್ಲಿ ಕೋಟೆಗುಡ್ಡದ ಒಂದು ಚೂರು.
ನನ್ನ ಮುಖವನ್ನ ಅಷ್ಟು ಸ್ಪಷ್ಟ
ನಮ್ಮ ಮನೆ ಕನ್ನಡಿ ತೋರಿಸಿರಲಿಲ್ಲ.

“ಅಂಚು ಹಿಡಿಯೋ ಒಂದು ಬಳೆ ಮಾಡಿಕೊಡು.
ಮೈ ಮುಟ್ಟಬೇಡ.”
ಅಳತೆಗೆ ಬಿಟ್ಟು ಹೋದರು, ನನ್ನ ನಂಬಿ.

ಮುಟ್ಟಲಿಲ್ಲ, ಬೆರಳಲ್ಲಿ ಮುಟ್ಟಲಿಲ್ಲ.
ಬಳೆ ಚೆಂದ ಬಂತು, ಕೂದಲೆಳೆ ಸಂದಿಲ್ಲ.
ಆದರೆ ನಾಣ್ಯದ ಅಂಚಿಗೆ ನೇರಳೆ ಬಣ್ಣ,
ಒಳಗೆ ಸ್ವಲ್ಪ ನವಿಲು ನೀಲಿ.
ಕಿಲುಬು ಅಂದುಕೊಂಡೆ.
ದೇವರ ಸಾಮಾನು ಕಪ್ಪಗಿಟ್ಟ ಮನೆ ಉದ್ಧಾರ ಆಗೋಲ್ಲ
ಅನ್ನೋಳು ನಮ್ಮವ್ವ,
ಹುಣಸೆಹುಳಿ ಹಚ್ಚಿ ತಿಕ್ಕುತ್ತ.
ಮುದುಕರು ಖುಷಿಪಡಲಿ ಅಂತ
ಬಟ್ಟೆಗಾಲಿಗೆ ಹಸಿರು ಸೋಪು ಹಚ್ಚಿ
ಸ್ವಿಚ್ಚು ಹಾಕಿದೆ.
ಹತ್ತು ಸೆಕೆಂಡು.
ಹನ್ನೊಂದಿರಲಿಕ್ಕಿಲ್ಲ.

ಹೊಳೆಯಿತು ನೋಡ್ರಿ!
ಮದುವೆಮನೆ ಚೊಂಬಿನ ಹಂಗೆ.
ಬಗ್ಗಿ ನೋಡಿದರೆ ಬೆಳಕಿತ್ತು,
ನಾನಿರಲಿಲ್ಲ.

ಮೊದಲಿಯಾರರು ಬಾಗಿಲ ಬೆಳಕಿಗೆ ಹಿಡಿದು
ಕನ್ನ ಹಾಕಿದ ಮನೆಗೆ ಹೊಕ್ಕವರಂತೆ ನೋಡಿದರು.
ಆಮೇಲೆ ಭೂತಗನ್ನಡಿ ನನ್ನ ಕೈಗಿತ್ತರು.
ಗೀರು. ಗೀರು. ಸಾವಿರ ಸಣ್ಣ ಗೀರು,
ಎಲ್ಲ ಒಂದೇ ಕಡೆ ಹರಿದು,
ಬೇಸಿಗೆ ಹಗರಿಯ ಮರಳ ಮೇಲೆ
ಗಾಳಿ ಎಳೆದ ಹಾಗೆ.
ಹೆಂಗಸಿನ ಮೊಣಕಾಲು ಸವೆದಿತ್ತು.

ಬೈಯಲಿಲ್ಲ. ನೀರು ಕೇಳಿದರು.
ಬಳೆಗೆ ಎಷ್ಟಾಯಿತು ಅಂದರು.
ಬೇಡ ಅಂದೆ.
ನಲವತ್ತು ರೂಪಾಯಿ ಗುಂಡಿರಾಶಿಯ ಮೇಲಿಟ್ಟು
ಚೀಲದಿಂದ ಒಂದು ಲೆಕ್ಕದ ಪುಸ್ತಕ ತೆಗೆದರು.
ಆ ನಾಣ್ಯ ಯಾರಿಂದ ಯಾರಿಗೆ ಬಂತೆಂಬ ಪಟ್ಟಿ:
ಫಿಲಡೆಲ್ಫಿಯದ ಟಂಕಸಾಲೆ, ಯಾರೋ ಪಾದ್ರಿ,
ಮದ್ರಾಸಿನ ಹರಾಜು, ಅವರ ತಾತ, ಅವರಪ್ಪ.
ಕೆಳಗೆ ನನ್ನೆದುರೇ ಬರೆದರು,
ಅಕ್ಷರ ಒಂದೂ ನಡುಗದೆ:
ಬಳ್ಳಾರಿ. ಉಜ್ಜಲಾಗಿದೆ.

ನನ್ನ ಹೆಸರು ಬರೆಯಲಿಲ್ಲ.
ಬರೆದಿದ್ದರೆ ನಿದ್ದೆ ಬರುತ್ತಿತ್ತೇನೋ.

ಮೊನ್ನೆ ಕೆಲಸ ಬಿಟ್ಟ ಮೇಲೆ
ಒಬ್ಬನೇ ಕೂತು ಅಚ್ಚಿಗೆ ಮೆರುಗು ಕೊಟ್ಟೆ,
ಒಂದು ಗುಂಡಿಗೆ ಎರಡು ಏಟು ಹೊಡೆದೆ, ನಿಧಾನಕ್ಕೆ.
ಯಾವ ಪ್ಯಾಂಟಿಗೂ ಅಲ್ಲ ಅದು.
ಮನೆ ಕಿಟಕಿಯಲ್ಲಿಟ್ಟಿದ್ದೇನೆ, ಕಪ್ಪಾಗಲಿ ಅಂತ.
ಹೆಂಡತಿ ಹುಣಸೆಹಣ್ಣು ನೆನೆಸಿ ತಂದಳು.
ಮುಟ್ಟಬೇಡ, ಅಂದೆ.